ಉಂಡಿ ಡಬ್ಬಿಯ ತಳದ ಗುಳಿಗೆ

ಸುಗಲಮ್ಮ ರೊಟ್ಟಿ ಬಡಿಯಲು ಕೂತರೆ, ಹೈದರಾಬಾದಿನ ಶಂಶಾಬಾದಿನಲ್ಲಿ ಇಳಿಯಬೇಕಾದ ವಿಮಾನಗಳು ಆ ಸದ್ದನ್ನು ಗುಡುಗೆಂದು ತಿಳಿದು ಆಕಾಶದಲ್ಲೇ ಇನ್ನೊಂದು ಸುತ್ತು ಹಾಕಿ ಬರುತ್ತಿದ್ದವಂತೆ. ಹೀಗೆಂದು ಹೇಳಿದವನು ಅವಳ ಗಂಡ ಮಲ್ಲಣ್ಣ. ಅವನ ಮಾತಿನಲ್ಲಿ ಮುಕ್ಕಾಲು ಪಾಲು ಕಳೆದು, ಉಳಿದದ್ದನ್ನು ನೀರಲ್ಲಿ ತೊಳೆದು ತೆಗೆದುಕೊಳ್ಳಬೇಕು. ಆದರೆ ವಿಮಾನ ನಿಲ್ದಾಣದ ದಾರಿಯ ಆ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಸುರಪುರ, ಸೇಡಂ ಕಡೆಯಿಂದ ಬಂದಿದ್ದ ಮಂದಿಯೆಲ್ಲ ಅವಳ ರೊಟ್ಟಿಯ ಮೇಲೇ ಬದುಕಿದ್ದರೆಂಬುದು ಸುಳ್ಳಲ್ಲ. ಅವರು ಕಟ್ಟುತ್ತಿದ್ದ ಕಟ್ಟಡ ಎಷ್ಟು ಎತ್ತರವೆಂದರೆ, ಮೇಲಿನ ಅಂತಸ್ತಿನವರು ಬೆಳಗಿನ ಚಹಾ ಕುಡಿದು ಲೋಟ ತೊಳೆದಿಟ್ಟ ಮೇಲೆ ಕೆಳಗಿನವರಿಗೆ ಸೂರ್ಯ ಕಾಣಿಸುತ್ತಿದ್ದ.

ಕಟ್ಟಡದ ಪಕ್ಕಕ್ಕೆ ಒಂದು ಟವರ್ ಕ್ರೇನು. ಅದರ ತುದಿಯ ಗಾಜಿನ ಗೂಡಿನಲ್ಲಿ ಕೂತು ಅದನ್ನು ನಡೆಸುವವನು ಸುಗಲಮ್ಮನ ತಮ್ಮ ಪರಮೇಶ. ಬುಡದಲ್ಲಿ ವಾಕಿಟಾಕಿ ಹಿಡಿದು ಎಡಕ್ಕೆ, ಬಲಕ್ಕೆ, ಇಳಿಸು, ನಿಲ್ಲಿಸು ಎಂದು ಕೂಗುವವನು ಮಲ್ಲಣ್ಣ. ಗಂಡ ಕೆಳಗೆ, ತಮ್ಮ ಮೇಲೆ, ಇಬ್ಬರ ನಡುವೆ ಉಕ್ಕಿನ ಹಗ್ಗದಲ್ಲಿ ತೂಗುವ ಟನ್ನುಗಟ್ಟಲೆ ಕಬ್ಬಿಣ: ಸುಗಲಮ್ಮನ ಬಾಳು ಇಷ್ಟೇ.

ರಸ್ತೆಯಾಚೆ ಒಂದು ಕಲ್ಲುಗುಂಡು ಇತ್ತು. ಆನೆಯಂಥ ಬಂಡೆಯ ಮೇಲೆ ಇನ್ನೊಂದು ಆನೆ ಒಂಟಿಗಾಲಲ್ಲಿ ನಿಂತ ಹಾಗೆ. ಈಗ ಬಿದ್ದೀತು, ಆಗ ಬಿದ್ದೀತು ಎಂದು ನೋಡಿ ನೋಡಿ ಜನರ ಕತ್ತು ನೋಯುತ್ತಿತ್ತೇ ಹೊರತು ಅದಕ್ಕೆ ಬೀಳುವ ಯೋಚನೆಯೇ ಇರಲಿಲ್ಲ. ನಿಜಾಮರ ಕಾಲಕ್ಕೂ ಮೊದಲಿನಿಂದ ಅದು ಹಾಗೇ ನಿಂತಿದೆ ಎನ್ನುತ್ತಿದ್ದರು. ಮಲ್ಲಣ್ಣನ ಪ್ರಕಾರ ಸೂರ್ಯ ಹುಟ್ಟಿದ್ದು ಅದು ನಿಂತ ಮಾರನೆಯ ದಿನ.

ಸುಗಲಮ್ಮನಿಗೊಂದು ಕಾಯಿಲೆ. ಒಮ್ಮೊಮ್ಮೆ ಲೋಕ ತಿರುಗುತ್ತಿತ್ತು. ಬಿಸಿಲಿನಲ್ಲಿ ನಿಂತವರಿಗೆ ಬರುವ ಚಕ್ಕರ್ ಅಲ್ಲ ಇದು. ಒಲೆ ಎದ್ದು ಮೇಲಿನ ತಗಡಿಗೆ ಅಂಟಿಕೊಳ್ಳುತ್ತಿತ್ತು. ನೆಲ ಎದ್ದು ಬಂದು ಬೆನ್ನಿಗೆ ಒರಗುತ್ತಿತ್ತು. ಬೆಳಕು ಕಂಡರೆ ಕಣ್ಣಿಗೆ ಖಾರ ಎರಚಿದಂತೆ, ಒಗ್ಗರಣೆಯ ವಾಸನೆ ಬಂದರೆ ಕರುಳೇ ಬಾಯಿಗೆ ಬಂದಂತೆ. ಅರೆತಲೆನೋವು ಕೆಲವು ಸಲ ಜತೆಗೇ ಬರುತ್ತಿತ್ತು. ಕೆಲವು ಸಲ ಈ ತಿರುಗುವಿಕೆಯನ್ನಷ್ಟೇ ಒಳಗೆ ಕಳಿಸಿ ತಾನು ಬಾಗಿಲಲ್ಲೇ ನಿಲ್ಲುತ್ತಿತ್ತು.

ಇದು ಮೊದಲು ಗೊತ್ತಾದದ್ದು ಚಿಕ್ಕಂದಿನಲ್ಲಿ, ನಾಗರಪಂಚಮಿಯ ಜೋಕಾಲಿಯ ಮೇಲೆ. ಉಳಿದ ಮಕ್ಕಳು ಜೀಕಿ ಜೀಕಿ ಬೇವಿನ ಚಿಗುರು ಕಚ್ಚಿ ಬರುತ್ತಿದ್ದರೆ, ಈ ಅಕ್ಕ ತಮ್ಮ ಎರಡೇ ಜೀಕಿಗೆ ಇಳಿದು ತಿಂದ ಉಂಡಿಯನ್ನೆಲ್ಲ ಮರದ ಬುಡಕ್ಕೆ ಒಪ್ಪಿಸುತ್ತಿದ್ದರು. ಆ ಮರದ ಬೇವು ಆಮೇಲೆ ಸಿಹಿಯಾಯಿತೆಂದು ಮಲ್ಲಣ್ಣ ಆಣೆ ಮಾಡಿ ಹೇಳುತ್ತಾನೆ. ಅವ್ವನಿಗೂ ಇದೇ ಕಾಯಿಲೆಯಿತ್ತು. ಅವ್ವ ಎಲ್ಲಿಂದ ಯಾವ ಔಷಧಿ ತಂದರೂ ಮೂರು ಪಾಲು ಮಾಡುತ್ತಿದ್ದಳು; ಒಬ್ಬರೇ ನುಂಗಿ ಒಬ್ಬರೇ ಗುಣವಾಗುವುದು ಆ ಮನೆಯಲ್ಲಿ ಕಳ್ಳತನಕ್ಕೆ ಸಮ. ಅಂದಿನಿಂದ ತಲೆ ತಿರುಗಿದರೆ ಅಕ್ಕ ತಮ್ಮ 'ಜೋಕಾಲಿ ಹತ್ತೇತಿ' ಅಂದುಕೊಳ್ಳುತ್ತಿದ್ದರು. ಆ ಮಾತು ಅವರಿಬ್ಬರಿಗೇ ಸೇರಿದ್ದು.

ದೊಡ್ಡವನಾದ ಮೇಲೆ ಪರಮೇಶನಿಗೆ ಅದು ಬಿಟ್ಟುಹೋಯಿತು ಎಂದೇ ಸುಗಲಮ್ಮ ನಂಬಿದ್ದಳು. ಅವಳಿಗೆ ಮಾತ್ರ ಬಿಡಲಿಲ್ಲ. ಒಂದು ದಿನ ರೊಟ್ಟಿಯ ಬದಲು ತನ್ನ ಅಂಗೈಯನ್ನೇ ಹಂಚಿನ ಮೇಲೆ ಇಟ್ಟುಕೊಂಡಳು. ಆಗ ಮಲ್ಲಣ್ಣ ಅವಳನ್ನು ಮೆಹದಿಪಟ್ಟಣಂ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಕಪ್ಪು ಡಬ್ಬಿಯಂಥ ಕನ್ನಡಕ ಕಟ್ಟಿ, ತಲೆಯನ್ನು ಅತ್ತಿತ್ತ ತಿರುಗಿಸಿ, ಕಿವಿಗೆ ಬಿಸಿಗಾಳಿ ತಣ್ಣನೆ ಗಾಳಿ ಊದಿ ನೋಡಿದರು. ಡಾಕ್ಟರ್ ದಿನೇಶ ಅನ್ನುವವರು, ಇದು ಕಿವಿಯದಲ್ಲ, ಅರೆತಲೆನೋವಿನದೇ ಇನ್ನೊಂದು ಮುಖ ಎಂದರು. ಅದಕ್ಕೆ ಹೊಸ ಮಾತ್ರೆಯೊಂದರ ಅಧ್ಯಯನ ನಡೆದಿದೆ, ಇಷ್ಟವಿದ್ದರೆ ಸೇರಬಹುದು ಎಂದರು. ವಿವರ ಹೇಳಲು ತೇಜಸ್ವಿನಿ ಬಂದಳು. ಅವಳ ತಂದೆ ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿದ್ದ ಹಾಸನದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ದಿಲ್‌ಸುಖ್‌ನಗರದಲ್ಲಿ. ಅಧ್ಯಯನಕ್ಕೆ ಸೇರಿದವರನ್ನು ನೋಡಿಕೊಳ್ಳುವುದು ಅವಳ ಕೆಲಸ. ಕನ್ನಡದ ರೋಗಿ ಸಿಕ್ಕಿದ್ದಕ್ಕೆ ಅವಳಿಗೆ ಖುಷಿಯೋ ಖುಷಿ.

"ಸುಗಲಮ್ಮನವ್ರೇ, ಸರಿಯಾಗಿ ಕೇಳಿಸ್ಕೊಳ್ಳಿ. ಈ ಮಾತ್ರೆ ಅರೆತಲೆನೋವಿಗೆ ಅಂತ ಬಂದಿರೋದು. ತಲೆ ತಿರುಗೋದಕ್ಕೂ ಆಗತ್ತಾ ಅಂತ ನೋಡ್ತಿದೀವಿ. ಅರ್ಧ ಜನಕ್ಕೆ ಇದನ್ನ ಕೊಡ್ತೀವಿ. ಇನ್ನರ್ಧ ಜನಕ್ಕೆ ನೋಡೋಕೆ ಥೇಟ್ ಹೀಗೇ ಇರೋ, ಒಳಗೆ ಔಷಧಿ ಇಲ್ಲದ ಮಾತ್ರೆ."

"ಯಾರಿಗೆ ಯಾವ್ದು ಅಂತ ಹೆಂಗ ಗೊತ್ತಾಗ್ತೈತ್ರಿ, ಅಕ್ಕೋರ?"

"ಗೊತ್ತಾಗಬಾರದು. ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎಲ್ಲಾ ಮುಗಿದ ಮೇಲೆ ಬಿಚ್ಚಿ ನೋಡ್ತಾರೆ."

"ಗೊತ್ತಿಲ್ದ ಔಷಧಿ ಕೊಡೋ ಡಾಕ್ಟರು ನಮ್ಮೂರಾಗೂ ಒಬ್ಬ ಅದಾನ್ರಿ," ಎಂದ ಮಲ್ಲಣ್ಣ. "ಆದ್ರ ಅವ ಹಿಂಗ ಬಾಯಿಬಿಟ್ಟು ಹೇಳಂಗಿಲ್ಲ."

ತೇಜಸ್ವಿನಿ ನಕ್ಕು, ಮತ್ತೆ ಗಂಭೀರಳಾದಳು. "ಇನ್ನೊಂದು ವಿಷಯ. ಮಾತ್ರೆ ತಗೊಂಡೆ ಅನ್ನೋ ಧೈರ್ಯಕ್ಕೇ ಕೆಲವರಿಗೆ ಕಮ್ಮಿ ಆಗಿಬಿಡತ್ತೆ. ಅದಕ್ಕೇ ಹೀಗೆ ಮಾಡೋದು. ಮತ್ತೆ, ಇದನ್ನ ನೀವೊಬ್ರೇ ತಗೋಬೇಕು. ಮನೇಲಿ ಯಾರಿಗೂ ಕೊಡಕೂಡದು. ಖಾಲಿ ಪಟ್ಟಿ ವಾಪಸ್ ತರಬೇಕು. ವಾರಕ್ಕೊಂದು ಸಲ ಫೋನ್ ಮಾಡಿ ಕೇಳ್ತೀನಿ, ನಿಜ ಹೇಳಬೇಕು."

ಸುಗಲಮ್ಮ ತಲೆಯಾಡಿಸಿದಳು. ತಲೆಯಾಡಿಸುವುದೇ ಅವಳಿಗೆ ಒಂದು ಶಿಕ್ಷೆ, ಆದರೂ ಆಡಿಸಿದಳು.

ಗುಳಿಗೆ ನುಂಗಿದಳು, ನೆಲ ನೆಲದಲ್ಲೇ ಉಳಿಯಿತು. ಒಲೆ ತನ್ನ ಜಾಗ ಬಿಟ್ಟು ಕದಲಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಬಸ್ಸಿನ ಕಿಟಕಿಯ ಪಕ್ಕ ಕಣ್ಣು ಬಿಟ್ಟುಕೊಂಡೇ ಕೂತಳು. ಆ ದಾರಿಯಲ್ಲಿ ಅಂಗಡಿಗಳಿವೆ, ಅಂಗಡಿಗಳಿಗೆ ಬೋರ್ಡುಗಳಿವೆ ಎಂಬುದೇ ಅಷ್ಟು ವರ್ಷ ಅವಳಿಗೆ ಗೊತ್ತಿರಲಿಲ್ಲ. ಹೆಂಡತಿಯ ಮುಖದಲ್ಲಿ ಅಂಥ ಬೆಳಕು ಬಂತೆಂದು, ಅದನ್ನು ತೋರಿಸಿ ಶೆಡ್ಡಿನ ಬಲ್ಬನ್ನೇ ತೆಗೆಸಲು ಮಲ್ಲಣ್ಣ ಹೊರಟಿದ್ದ.

ಅಲ್ಲಿಂದ ಸುಗಲಮ್ಮನ ತರ್ಕ ಶುರುವಾಯಿತು. ಅರ್ಧ ಮಂದಿಗೆ ಖರೇ ಗುಳಿಗೆ, ಅರ್ಧ ಮಂದಿಗೆ ಸುಳ್ಳು ಗುಳಿಗೆ. ನನಗೆ ಕಮ್ಮಿಯಾಗಿದೆ. ಅಂದಮೇಲೆ ನನ್ನದು ಖರೇ ಗುಳಿಗೆ. ರೊಟ್ಟಿ ಉಬ್ಬಿದರೆ ಹಂಚು ಕಾದಿದೆ ಎಂದಲ್ಲವೇ? ಇದರಲ್ಲಿ ಎಲ್ಲಿ ತಪ್ಪಿದೆ ಎಂದು ಅವಳನ್ನು ಯಾರೂ ಕೇಳಲಿಲ್ಲ, ಯಾಕೆಂದರೆ ಅವಳು ಯಾರಿಗೂ ಹೇಳಲಿಲ್ಲ.

ಪಂಚಮಿ ಬಂತು. ಊರಿಗೆ ಹೋಗಲು ಯಾರಿಗೂ ರಜೆಯಿಲ್ಲ. ತವರೇ ಇಲ್ಲಿಗೆ ಬರಲಿ ಎಂದು ಸುಗಲಮ್ಮ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿದಳು. ಮಧ್ಯಾಹ್ನ ಪರಮೇಶ ಕ್ರೇನಿನಿಂದ ಇಳಿದು ಬಂದ. ಬಂದವನು ಶೆಡ್ಡಿನ ಕಂಬವನ್ನು ಎರಡೂ ಕೈಯಿಂದ ತಬ್ಬಿ ನಿಂತ.

"ಯಾಕಲೇ ಪರಮ್ಯಾ, ಕಂಬಕ್ಕ ಜೋತು ಬಿದ್ದೀದಿ? ನೀ ಹಿಡೀಲಿಲ್ಲಂದ್ರ ಅದು ಬೀಳತೈತೇನು?"

"ಜೋಕಾಲಿ ಹತ್ತೇತಿ, ಯಕ್ಕಾ."

ಸುಗಲಮ್ಮನ ಕೈಯಲ್ಲಿದ್ದ ಉಂಡಿ ಪುಡಿಯಾಯಿತು. "ಯಾವಾಗಿಂದ?"

"ಬ್ಯಾಸಗಿಂದ. ಮ್ಯಾಲ ಕುಂತಾಗ ಭಾಳ ಗೊತ್ತಾಗಂಗಿಲ್ಲ. ಕ್ರೇನು ಹೆಂಗಿದ್ರೂ ಅಳ್ಳಾಡತೈತಿ. ಅದು ಅಳ್ಳಾಡಾಕತ್ತೈತೋ ನಾ ಅಳ್ಳಾಡಾಕತ್ತೀನೋ, ಕೇಳವ್ರು ಯಾರು ಅಲ್ಲಿ?" ಎಂದು ನಕ್ಕ.

"ನಗತೀಯೇನಲೇ, ಭಾಡ್ಯಾ? ಕೆಳಗ ನಿಮ್ಮ ಮಾಮಾ ನಿಂತಿರ್ತಾನ! ನಾಳೆ ನನ್ನ ಕೂಡ ದವಾಖಾನಿಗೆ ಬಾ."

"ಬಂದ್ರ ಸೈಟಿನ್ಯಾಗ ಗೊತ್ತಾಗ್ತೈತಿ. ತಲಿ ತಿರುಗೋನು ಅಂತ ಒಮ್ಮೆ ಇಳಿಸಿದ್ರ ಮತ್ತ ಯಾವ ಕ್ರೇನೂ ಹತ್ತಾಕ ಬಿಡಂಗಿಲ್ಲ. ಆ ಗೂಡು ಬಿಟ್ರ ನನಗ ಬ್ಯಾರೆ ಏನ್ ಬರತೈತಿ, ಹೇಳು? ಮಾಮಾಗೂ ಹೇಳಬ್ಯಾಡ. ನಮ್ಮವ್ವನ ಆಣಿ ಐತಿ."

ಸೈಟಿನ ಡಾಕ್ಟರು ಆಗಾಗ ಎಲ್ಲರನ್ನೂ ಒಂಟಿಗಾಲಲ್ಲಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡುವುದುಂಟು. ಈ ಕಾಯಿಲೆ ಮಹಾ ಸಂಭಾವಿತ. ನೋಡಲು ಯಾರಾದರೂ ಬಂದರೆ ಮೈ ಬಿಟ್ಟು ಹೊರಗೆ ಹೋಗಿರುತ್ತದೆ. ಪರಮೇಶ ಪ್ರತಿ ಸಲವೂ ಕೊಕ್ಕರೆಯ ಹಾಗೆ ನಿಂತು ತೇರ್ಗಡೆಯಾಗಿದ್ದ.

ಸುಗಲಮ್ಮ ಅವ್ವನ ಮಗಳು. ಡಬ್ಬಿಯ ಉಂಡಿಯನ್ನೆಲ್ಲ ಹೊರಗೆ ತೆಗೆದಳು, ತಳದಲ್ಲಿ ಗುಳಿಗೆಯ ಪಟ್ಟಿ ಇಟ್ಟಳು, ಮೇಲೆ ಕಾಗದ ಹಾಸಿದಳು, ಅದರ ಮೇಲೆ ಉಂಡಿ ಜೋಡಿಸಿದಳು. "ದಿನಾ ಒಂದು ನುಂಗು. ಖರೇ ಗುಳಿಗಿ ಇವು. ನಾ ನುಂಗಿ ನೋಡೀನಿ. ಖಾಲಿ ಪಟ್ಟಿ ನನಗ ವಾಪಸ್ ಕೊಡು."

ಪಾಲು ಮಾಡಿದರೆ ಇಬ್ಬರಿಗೂ ಸಾಲದೆಂದು ಅವಳು ತನ್ನ ಪಾಲನ್ನೂ ಬಿಟ್ಟಳು. ನೆಲದ ಮೇಲೆ ತಿರುಗುವವಳು ಬಿದ್ದರೆ ಒಲೆಗೆ ಬಿದ್ದಾಳು; ಅವನು ಬಿದ್ದರೆ?

ಪರಮೇಶನಿಗೆ ಆರಾಮವಾಯಿತು. ಕ್ರೇನಿನ ಉದ್ದ ತೋಳು ಆಕಾಶದಲ್ಲಿ ಬೆಣ್ಣೆಯ ಮೇಲೆ ಕೈ ಆಡಿಸಿದ ಹಾಗೆ ಆಡಿತು. ಇತ್ತ ಸುಗಲಮ್ಮನ ಒಲೆ ಮತ್ತೆ ತಗಡಿಗೆ ಹತ್ತತೊಡಗಿತು. ಫೋನಿನಲ್ಲಿ ತೇಜಸ್ವಿನಿ, "ಈ ವಾರ ತಲೆ ತಿರುಗಿತ್ತಾ?" ಎಂದು ಕೇಳಿದಾಗ ಅವಳು ಗೋಡೆಗೆ ಹಣೆ ಒತ್ತಿ, "ಇಲ್ರಿ ಅಕ್ಕೋರ, ಆರಾಮ ಅದೀನಿ," ಎನ್ನುತ್ತಿದ್ದಳು. ತಮ್ಮನಿಂದ ಇಸಿದುಕೊಂಡ ಖಾಲಿ ಪಟ್ಟಿಗಳನ್ನು ಒಯ್ದು ಕೊಟ್ಟು, ಅವನಿಗೆಂದೇ ಹೊಸವನ್ನು ಇಸಿದುಕೊಂಡಳು. "ಒಂದೂ ತಪ್ಪಿಸಿಲ್ಲ ನೀವು!" ಎಂದು ತೇಜಸ್ವಿನಿ ಅವಳ ಕೈ ಹಿಡಿದು ಕುಲುಕಿದಳು. "ನಿಮ್ಮಂಥವರಿಂದಲೇ ಅಮ್ಮಾ, ಈ ಔಷಧಿ ನಾಳೆ ಯಾರಿಗೆ ಕೊಡಬಹುದು ಅಂತ ಗೊತ್ತಾಗೋದು." ಸುಗಲಮ್ಮನಿಗೆ ಆ ಹಿಡಿದ ಕೈಯೂ ತಿರುಗುತ್ತಿರುವಂತೆ ಕಂಡಿತು.

ದಸರೆ ಕಳೆದ ಮೇಲೆ ಒಂದು ದಿನ ಗಾಳಿಯೇ ಸತ್ತುಹೋಗಿತ್ತು. ಒಣಹಾಕಿದ ಸೀರೆ ಕದಲುತ್ತಿರಲಿಲ್ಲ. ನಾಯಿಗಳೂ ಬೊಗಳುವುದನ್ನು ಮುಂದಕ್ಕೆ ಹಾಕಿದ್ದವು. ಸುಗಲಮ್ಮ ಬುತ್ತಿಯ ಗಂಟು ಹೊತ್ತು ಕ್ರೇನಿನ ಕಡೆ ಬಂದಳು. ರಾಡುಗಳ ದೊಡ್ಡ ಕಂತೆ ಮೇಲೆ ಹೋಗುತ್ತಿತ್ತು. ಹೋಗುತ್ತಿದ್ದದ್ದು ನಡುವೆ ನಿಂತಿತು. ನಿಂತದ್ದು ಮೆಲ್ಲಗೆ ತೂಗತೊಡಗಿತು.

ಗಾಳಿಯಿಲ್ಲ. ಕಂತೆ ತೂಗುತ್ತಿದೆ.

"ಎಡಕ್ಕ ತಗೋ, ಪರಮ್ಯಾ," ಎಂದ ಮಲ್ಲಣ್ಣ ವಾಕಿಟಾಕಿಯಲ್ಲಿ. ಕ್ರೇನಿನ ತೋಳು ಬಲಕ್ಕೆ ಹೋಯಿತು. "ಎಡಕ್ಕೋ! ಏ, ಊಟಕ್ಕ ಮೊದ್ಲ ನಿದ್ದಿ ಮಾಡಾಕತ್ತೀಯೇನು?" ತೋಳು ಇನ್ನಷ್ಟು ಬಲಕ್ಕೆ ಹೋಗಿ ಊಟಕ್ಕೆ ಕೂತಿದ್ದ ಹೆಣ್ಣಾಳುಗಳ ತಲೆಯ ಮೇಲೆ ನಿಂತಿತು. ಮೇಲಿನಿಂದ ಮಾತಿಲ್ಲ. ಬರೀ ಉಸಿರು.

ಸುಗಲಮ್ಮ ಬುತ್ತಿಯನ್ನು ಅಲ್ಲೇ ಬಿಟ್ಟು ಓಡಿ ಗಂಡನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು. "ಅವ್ರನ್ನ ಏಳಿಸ್ರಿ ಮೊದ್ಲ!" ಎಂದು ಗಂಡನನ್ನು ನೂಕಿದಳು. ಮಲ್ಲಣ್ಣ ಕೂಗುತ್ತ ಓಡಿದ. ಅವಳು ಗುಂಡಿ ಒತ್ತಿದಳು.

"ಪರಮೂ. ಜೋಕಾಲಿ ಹತ್ತೇತೇನು?"

"ಹತ್ತೇತವ್ವಾ." ಅಕ್ಕ ಎನ್ನುವುದನ್ನೂ ಮರೆತಿದ್ದ. "ಕೆಳಗ ಯಾವ್ದು, ಮ್ಯಾಲ ಯಾವ್ದು, ತಿಳಿವಲ್ದು."

"ಕಣ್ಣು ಮುಚ್ಚಬ್ಯಾಡ. ಹಗ್ಗ ನೋಡಬ್ಯಾಡ. ಕೈ ಎಲ್ಲಿ ಐತೋ ಅಲ್ಲೇ ಇರ್ಲಿ. ರಸ್ತಾದಾಚೆ ಕಲ್ಲುಗುಂಡು ಕಾಣತೈತಿಲ್ಲೋ?"

"ತಿರುಗಾಕತ್ತೈತಿ ಅದೂ."

"ತಿರುಗ್ಲಿ ಬಿಡು. ಅದು ಬೀಳಂಗಿಲ್ಲ. ಅದನ್ನ ನೋಡ್ಕೋತ ಇರು. ನಿಂದ್ರತೈತಿ. ನನ್ನೂ ನಿಂದ್ರಿಸೇತಿ ಅದು, ಎಷ್ಟೋ ಸಲ."

ಎಷ್ಟು ಹೊತ್ತು ಹೋಯಿತೋ. ಮಲ್ಲಣ್ಣನ ಲೆಕ್ಕದಲ್ಲಿ ಅಷ್ಟರೊಳಗೆ ಒಂದು ಅಂತಸ್ತು ಕಟ್ಟಿ ಬಣ್ಣ ಬಳಿಯಬಹುದಿತ್ತು. ಆದರೆ ಈ ಸಲ ಅದನ್ನು ಹೇಳುವಾಗ ಅವನು ನಗಲಿಲ್ಲ. ಕೊನೆಗೆ, "ನಿಂತೇತಿ," ಎಂದಿತು ಮೇಲಿನ ದನಿ. "ಹಂಗಾರ ಇಳಿಸು. ಸಾವಕಾಶ. ಗುಂಡಿನ ಮ್ಯಾಲಿನ ಕಣ್ಣ ತಗೀಬ್ಯಾಡ, ನಾ ಹೇಳ್ತೀನಿ." ಕಂತೆ ಇಳಿಯಿತು, ಒಂದೇ ಮಗ್ಗುಲಾಗಿ, ಧೂಳೆಬ್ಬಿಸಿ. ಹೆಣ್ಣಾಳುಗಳು ಬಿಟ್ಟೆದ್ದ ಊಟದ ಡಬ್ಬಿಗಳು ಅದರ ಕೆಳಗೆ ತಗಡಿನ ಹಾಳೆಗಳಾದವು.

ಮಲ್ಲಣ್ಣ ಆ ಡಬ್ಬಿಗಳನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. "ಜೋಕಾಲಿ ಅಂದ್ರ ಏನಲೇ, ಸುಗಲಾ?"

ಹೇಳಿದಳು. ಎಲ್ಲವನ್ನೂ.

ಮರುದಿನ ಗಂಡ ಹೆಂಡತಿ ಇಬ್ಬರೂ ತೇಜಸ್ವಿನಿಯ ಮುಂದೆ ಕೂತಿದ್ದರು. ಸುಗಲಮ್ಮ ಹೇಳುತ್ತ ಹೋದ ಹಾಗೆ ಆ ಹುಡುಗಿಯ ಮುಖದ ಬಣ್ಣ ಇಳಿಯುತ್ತ ಹೋಯಿತು.

"ನನ್ನ ಬೇಕಾದ್ರ ತಗದು ಹಾಕ್ರಿ, ಅಕ್ಕೋರ. ಅವು ಖರೇ ಗುಳಿಗಿನೋ, ಸುಳ್ಳು ಗುಳಿಗಿನೋ, ಅಷ್ಟ ಹೇಳ್ರಿ."

"ಗೊತ್ತಿದ್ರೆ ತಾನೇ ನಾನು ಹೇಳೋದು?" ಎಂದಳು ತೇಜಸ್ವಿನಿ. "ಮುಂದಿನ ವರ್ಷ ಮುಗಿಯೋವರೆಗೂ ಯಾರಿಗೂ ಗೊತ್ತಾಗಲ್ಲ. ಆದ್ರೆ ಕೇಳಿ. ಅದರೊಳಗೆ ಔಷಧಿ ಇದ್ರೂ, ಕ್ರೇನ್ ಹತ್ತೋವಷ್ಟು ಗುಣ ಮಾಡತ್ತೆ ಅಂತ ಯಾರು ಹೇಳಿದ್ರು ನಿಮಗೆ? ಅದು ಗೊತ್ತಿಲ್ಲ ಅಂತ್ಲೇ ಅಲ್ವಾ ನಾವಿಷ್ಟು ಜನ ಇಲ್ಲಿ ಕೂತಿರೋದು?"

"ಮತ್ತ ನನಗ ಆರಾಮ ಆಗಿದ್ದು?"

"ಅದು ಸುಳ್ಳಲ್ಲ ಅಮ್ಮಾ. ಯಾತರಿಂದ ಆಯ್ತು ಅನ್ನೋದು ಗೊತ್ತಿಲ್ಲ, ಅಷ್ಟೇ. ಮೊದಲು ನಿಮ್ಮ ತಮ್ಮನ್ನ ಕರ್ಕೊಂಡು ಬನ್ನಿ. ಡಾಕ್ಟರ್ ನೋಡ್ತಾರೆ. ಅಲ್ಲೀವರೆಗೂ ಮೇಲೆ ಹತ್ತೋಕೆ ಬಿಡಬೇಡಿ."

ಅವರು ಹಿಂದಿರುಗುವಷ್ಟರಲ್ಲಿ ಪರಮೇಶನ ಶೆಡ್ಡು ಖಾಲಿಯಾಗಿತ್ತು. ಚಾಪೆಯಿಲ್ಲ, ಚೀಲವಿಲ್ಲ, ಉಂಡಿಯ ಡಬ್ಬಿಯೂ ಇಲ್ಲ. ಯಾರೂ ತನ್ನನ್ನು ಇಳಿಸುವ ಮೊದಲೇ ತಾನಾಗಿ ಇಳಿದು ಹೋಗಿದ್ದ. ಮಲ್ಲಣ್ಣ ಸೈಟಿನ ಇಂಜಿನಿಯರನ ಹತ್ತಿರ ಹೋಗಿ ಇದ್ದದ್ದನ್ನು ಹೇಳಿದ. ಬಿಟ್ಟುಹೋದವನ ತಲೆ ತಿರುಗಿದರೆ ನಮಗೇನು ಎಂದು ಆತ ಹೊಸಬನನ್ನು ಗೂಡಿಗೆ ಹತ್ತಿಸಿದ.

ರಾತ್ರಿಯೊಳಗೆ ತಮ್ಮನ ಫೋನು ಬಂತು.

"ಆವತ್ತು ಗುಳಿಗಿ ನುಂಗೋದು ಮರತಿದ್ದೆ, ಯಕ್ಕಾ. ಅದಕ್ಕ ಹಂಗಾತು. ಇನ್ ತಪ್ಪಸಂಗಿಲ್ಲ."

"ಅವು ಸುಳ್ಳು ಗುಳಿಗಿ ಇರಬಹುದೋ, ಪರಮೂ! ಅಕ್ಕೋರು ಹೇಳ್ಯಾರ. ಬಾ, ದವಾಖಾನಿಗೆ ಹೋಗೂನು."

"ಖರೇ ಅಂತ ನೀನ ಹೇಳೀದಿ. ನುಂಗಿ ನೋಡೀನಿ ಅಂದಿ. ಈಗ ಮಾಮಾ ಅಂಜಿಸ್ಯಾನೇನು ನಿನಗ?" ನಕ್ಕು ಇಟ್ಟುಬಿಟ್ಟ.

ಎಲ್ಲಿದ್ದಾನೆಂದು ಹೇಳಲಿಲ್ಲ. ಹೈದರಾಬಾದಿನಲ್ಲಿ ಕ್ರೇನಿಗೇನು ಬರ? ಅವೆಲ್ಲ ಒಂದೇ ಸಲ ತೋಳು ಚಾಚಿದರೆ ಊರಿಗೆ ಮಧ್ಯಾಹ್ನವೇ ಕತ್ತಲಾದೀತು. ಆಸ್ಪತ್ರೆಯವರು ಸುಗಲಮ್ಮನನ್ನು ಅಧ್ಯಯನದಿಂದ ಬಿಟ್ಟರು, ಚಿಕಿತ್ಸೆಯಿಂದ ಬಿಡಲಿಲ್ಲ. ಹಳೆಯದೊಂದು ಔಷಧಿ ಬರೆದುಕೊಟ್ಟರು, ಒಂದಿಷ್ಟು ತಡೆಯಿತು. ಪ್ರತಿ ಸಲ ಮೆಹದಿಪಟ್ಟಣಂ ಬಸ್ಸಿನಲ್ಲಿ ಹೋಗುವಾಗ ಅವಳು ಕಣ್ಣಿಗೆ ಬಿದ್ದ ಕ್ರೇನಿನ ಗೂಡುಗಳನ್ನೆಲ್ಲ ನೋಡುತ್ತಿದ್ದಳು. ಗಾಜಿನ ಹಿಂದೆ ಯಾರೋ ಇರುತ್ತಿದ್ದರು. ಅಷ್ಟು ದೂರಕ್ಕೆ ಎಲ್ಲರೂ ತಮ್ಮನ ಹಾಗೇ ಕಾಣುತ್ತಿದ್ದರು.

ಅವನೇನೂ ಮಾತು ಬಿಡಲಿಲ್ಲ. ಆಗಾಗ ಫೋನು ಮಾಡುತ್ತಿದ್ದ. ಉಳಿದ ಗುಳಿಗೆಗಳನ್ನು ಅರ್ಧ, ಕಾಲು, ಚೂರು ಮಾಡಿ ಸಾಗಿಸಿದ. ಆಮೇಲೆ ಖಾಲಿ ಪಟ್ಟಿಯನ್ನು ಗೂಡಿನಲ್ಲಿ ನಿಂಬೆ ಮೆಣಸಿನಕಾಯಿಯ ಪಕ್ಕ ತೂಗುಹಾಕಿದ. ಅದನ್ನು ನೋಡಿದರೇ ತಲೆ ನಿಲ್ಲುತ್ತದೆ ಎಂದ. ಮಲ್ಲಣ್ಣನೇ ಹೇಳಿದ್ದರೆ ಬೊಗಳೆಯೆಂದು ನಗಬಹುದಿತ್ತು. ಇದು ನಿಜವೇ ಆಗಿದ್ದರಿಂದ ನಗುವವರಿರಲಿಲ್ಲ.

ಮತ್ತೆ ಪಂಚಮಿ ಬಂತು. ಅಧ್ಯಯನ ಇನ್ನೂ ಮುಗಿದಿರಲಿಲ್ಲ. ಯಾರದು ಯಾವ ಗುಳಿಗೆಯೆಂದು ಇನ್ನೂ ಯಾರೂ ಬಿಚ್ಚಿ ನೋಡಿರಲಿಲ್ಲ. ಸುಗಲಮ್ಮ ಉಂಡಿ ಕಟ್ಟಿದಳು. ಹೊಸ ಡಬ್ಬಿಯ ತಳಕ್ಕೆ ಕಾಗದ ಮಾತ್ರ ಹಾಸಿದಳು. ಉಂಡಿ ಬೇಕಾದರೆ ಸ್ವತಃ ಅವನೇ ಬರಬೇಕು, ಬಂದವನನ್ನು ಮಲ್ಲಣ್ಣ ಹೆಗಲ ಮೇಲೆ ಹೊತ್ತಾದರೂ ಆಸ್ಪತ್ರೆಗೆ ಒಯ್ಯಬೇಕು ಎಂದು ಮಾತಾಗಿತ್ತು. ತೇಜಸ್ವಿನಿ ಡಾಕ್ಟರಿಗೆ ಹೇಳಿಟ್ಟಿದ್ದಳು. ಆಟೋ ಬಾಗಿಲಲ್ಲೇ ನಿಂತಿತ್ತು.

"ಯಕ್ಕಾ, ಉಂಡಿ ಮಾಡೀಯೇನು?" ಫೋನಿನಲ್ಲಿ ಗಾಳಿಯ ಸದ್ದು ಎಷ್ಟಿತ್ತೆಂದರೆ ಅವನ ಮಾತು ಅದರೊಳಗಿಂದ ಈಜಿಕೊಂಡು ಬರಬೇಕಾಗಿತ್ತು.

"ಮಾಡೀನಿ. ಮ್ಯಾಲ ಅದೀಯೇನು?"

"ಮ್ಯಾಲ ಅದೀನಿ. ಭಾಳ ಗಾಳಿ ಬಿಟ್ಟೈತಿ."

"ಇಳಿದು ಬಾರೋ, ನಮ್ಮಪ್ಪಾ. ನೀ ಬಂದ ಮ್ಯಾಲ ಉಣ್ಣೋದು ನಾವು." ಮತ್ತೆ ಕೇಳಿದಳು, "ಅಲ್ಲಿ ಕಲ್ಲುಗುಂಡು ಕಾಣತೈತೇನು?"

"ಇಲ್ಲಿ ಗುಂಡ ಎಲ್ಲಿಂದ ಬರಬೇಕು? ಎಲ್ಲಾ ಒಡದು ಜಲ್ಲಿ ಮಾಡ್ಯಾರ." ನಗು ಕೇಳಿಸಿತು, ನಡುವೆ ಒಂದು ಕಬ್ಬಿಣದ ಕಿರುಗುಟ್ಟುವಿಕೆ. "ಬರ್ತೀನಿ. ಇದೊಂದು ಲೋಡ್ ಇಳಿಸಿ ಬರ್ತೀನಿ."

ಅವನು ಫೋನು ಇಡುವುದನ್ನು ಮರೆತಿದ್ದ. ಸುಗಲಮ್ಮ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಫೋನನ್ನು ಕಿವಿಗೆ ಒತ್ತಿ, ಎದುರಿಗೆ ನೆಟ್ಟಗೆ ನಿಂತಿದ್ದ ಶೆಡ್ಡಿನ ಕಂಬವನ್ನೇ ನೋಡುತ್ತ ಕೂತಳು. ಕಿವಿಯಲ್ಲಿ ಗಾಳಿ ಬೀಸುತ್ತಲೇ ಇತ್ತು.